ಹುಳ ಜ್ವರಕ್ಕೆ ಕೂತ ತರಗತಿ

ಜೇಷ್ಠಮಧುವಿನ ಕಡ್ಡಿಯನ್ನು ನೀವು ಎಂದಾದರೂ ಬಸ್ಸಿನಲ್ಲಿ ಕೂತು ಅಗಿದಿದ್ದೀರೋ ಇಲ್ಲವೋ ನಾನರಿಯೆ. ನಾನು ಅಗಿದಿದ್ದೇನೆ. ರಾಮನಗರದಿಂದ ಕನಕಪುರಕ್ಕೆ ಹೋಗುವ ಬಸ್ಸಿನಲ್ಲಿ, ಕಿಟಕಿಯ ಪಕ್ಕ ಜಾಗ ಸಿಕ್ಕ ದಿನ ನೆಮ್ಮದಿಯಿಂದಲೂ, ಸಿಗದ ದಿನ ಒಂದು ಕೈಯಲ್ಲಿ ಕಂಬಿ ಹಿಡಿದುಕೊಂಡೂ, ಹಸು ಮೆಲುಕು ಹಾಕುವಷ್ಟು ತಾಳ್ಮೆಯಿಂದ ಅಗಿದಿದ್ದೇನೆ. ಎದುರು ಸೀಟಿನ ಹೆಂಗಸರು, ಪಾಪ, ಈಕೆಗೆ ಹಲ್ಲುನೋವಿರಬೇಕೆಂದು ಮರುಗಿ ಸೆರಗಿನ ಗಂಟಿನಿಂದ ಲವಂಗ ಬಿಚ್ಚಿ ಕೊಟ್ಟದ್ದೂ ಉಂಟು. ಹಲ್ಲೆಲ್ಲ ಗಟ್ಟಿಯಾಗಿಯೇ ಇವೆ, ಇದು ಗಂಟಲಿನ ಮುನ್ನೆಚ್ಚರಿಕೆ ಎಂದು ವಿವರಿಸುವಷ್ಟರಲ್ಲಿ ನನ್ನ ನಿಲ್ದಾಣ ಬಂದುಬಿಡುತ್ತಿತ್ತು. ಹಾಗಾಗಿ ಲವಂಗವನ್ನೂ ಅಗಿಯುತ್ತಿದ್ದೆ.

ಈ ಕಡ್ಡಿಯ ಏರ್ಪಾಡು ನನ್ನ ಅತ್ತೆಯವರದು. ಮದುವೆಯಾಗಿ ವರ್ಷಗಳು ಕಳೆದು, ಮಗಳು ತನ್ನ ಜಡೆಯನ್ನು ತಾನೇ ಹೆಣೆದುಕೊಳ್ಳುವಷ್ಟಾದ ಮೇಲೆ, ಶಾಲೆಯ ಸಂಗೀತ ಶಿಕ್ಷಕಿಯಾಗಲು ವಿಶ್ವವಿದ್ಯಾಲಯದ ತರಬೇತಿಗೆ ಸೇರುತ್ತೇನೆಂದು ನಾನು ಹೇಳಿದಾಗ, ಮನೆಯಲ್ಲಿ ಮೊದಲು ಹೂಂಗುಟ್ಟಿದವರು ಅವರೇ. ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುವ ನನ್ನ ಗಂಡ ಹೂಂಗುಟ್ಟಿದ್ದು ಆಮೇಲೆ, ಅದೂ ನಿದ್ದೆಗಣ್ಣಿನಲ್ಲಿ. ಅತ್ತೆಯವರ ಒಪ್ಪಿಗೆಗೆ ಒಂದು ಷರತ್ತಿತ್ತು: ಗಂಟಲಿನ ಉಸ್ತುವಾರಿ ಪೂರ್ತಿಯಾಗಿ ಅವರದು. ಅಂದಿನಿಂದ ನನ್ನ ತಟ್ಟೆಯಿಂದ ಮೊಸರು ಮಾಯವಾಯಿತು, ಬಿರುಬೇಸಿಗೆಯಲ್ಲೂ ಕುಡಿಯಲು ಬಿಸಿನೀರೇ ಗತಿಯಾಯಿತು, ಮದುವೆಮನೆಗಳಲ್ಲಿ ಐಸ್‌ಕ್ರೀಮಿನ ಬಟ್ಟಲು ನನ್ನೆದುರು ಬರುವ ಮೊದಲೇ ಅವರ ಕೈ ಅಡ್ಡ ಬರುತ್ತಿತ್ತು. "ನಿನ್ ಗಂಟ್ಲು ಇನ್ಮೇಲೆ ನಿಂದಲ್ಲ ಕಣಮ್ಮ, ಸರ್ಕಾರುದ್ದು" ಎಂದು ಅವರು ಬೀದಿಯವರಿಗೆಲ್ಲ ಕೇಳುವಂತೆ ಘೋಷಿಸುತ್ತಿದ್ದರು. ಸರ್ಕಾರಕ್ಕೆ ಇದರ ಸುಳಿವೇ ಇರಲಿಲ್ಲ.

ಸಂಗೀತ ನನಗೆ ಹೊಸದೇನಲ್ಲ. ತವರು ಮಾಗಡಿಯಲ್ಲಿ ಲಂಗ ಉಡುವ ವಯಸ್ಸಿನಿಂದ ಕಲಿತವಳು. ನನ್ನ ಮೇಷ್ಟ್ರ ಬೋಧನಾ ವಿಧಾನ ಬಹಳ ಸರಳವಾಗಿತ್ತು: ಚಾಪೆಯ ಮೇಲೆ ಕೂರಿಸಿ "ಹಾಡು" ಎನ್ನುತ್ತಿದ್ದರು, ಹಾಡುತ್ತಿದ್ದೆ, ತಪ್ಪಿದರೆ ಬೆರಳ ಗೆಣ್ಣಿನಿಂದ ತಲೆಗೊಂದು ಮೊಟಕುತ್ತಿದ್ದರು, ಸರಿಯಾಗುತ್ತಿತ್ತು. ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ತಿಳಿಯಿತು, ಅವರು ಪಾಠಯೋಜನೆಯಿಲ್ಲದೆ ಮೊಟಕುತ್ತಿದ್ದರೆಂದು. ಇಲ್ಲಿ ಬಾಯಿ ತೆರೆಯುವ ಮೊದಲು ಎಲ್ಲವನ್ನೂ ಬರೆದಿಡಬೇಕಿತ್ತು. ಪ್ರೇರಣೆ ಏನು, ಬೋಧನೋಪಕರಣ ಯಾವುದು, ಪಾಠ ಮುಗಿಯುವ ಹೊತ್ತಿಗೆ ಮಗುವಿನಲ್ಲಿ ಆಗುವ ವರ್ತನೆಯ ಬದಲಾವಣೆಗಳು ಯಾವುವು. "ವಿದ್ಯಾರ್ಥಿಯು ಮೋಹನ ರಾಗವನ್ನು ಗುರುತಿಸುವನು, ವಿವರಿಸುವನು ಮತ್ತು ಪ್ರಶಂಸಿಸುವನು" ಎಂದು ನಾನೇ ದುಂಡಗೆ ಬರೆದಿದ್ದೇನೆ. ಇಷ್ಟು ವರ್ಷ ಮೋಹನವನ್ನು ಹಾಡಿಕೊಂಡು ಬಂದ ನಾನು ಅದನ್ನು ಇನ್ನೂ ಸರಿಯಾಗಿ ವಿವರಿಸಲಾರೆ ಎಂಬುದು ಬೇರೆ ಮಾತು.

ಇದಕ್ಕೆ ಮೇಲೋಗರವಾಗಿ ಸೂಕ್ಷ್ಮ ಬೋಧನೆ ಎಂಬುದೊಂದು ಇತ್ತು. ನಮ್ಮಲ್ಲೊಬ್ಬರು ಶಿಕ್ಷಕರಾಗಿ ನಿಲ್ಲುವುದು, ಉಳಿದವರು ಆರನೇ ತರಗತಿಯ ಮಕ್ಕಳಾಗಿ ಕೂರುವುದು. ಚನ್ನಪಟ್ಟಣದ ನಾಗಸ್ವರದ ಮನೆತನದ ಮುನಿರಾಜು ನನ್ನ ಸಹಪಾಠಿ. ಹುರಿಮೀಸೆ, ಎರಡು ಮಕ್ಕಳ ತಂದೆ, ಎಷ್ಟೋ ಮದುವೆಗಳ ಮುಹೂರ್ತದಲ್ಲಿ ಊದಿದ ಎದೆ. ನಾನು ಪಾಠಕ್ಕೆ ನಿಂತೊಡನೆ ಈ ಮನುಷ್ಯ ಬೆಂಚಿನ ಮೇಲೆ ಕಾಲು ಕುಣಿಸುತ್ತ, "ಮಿಸ್, ಇವ್ನು ನನ್ ಪೆನ್ಸಿಲ್ ಕಿತ್ಕೊಂಡ ಮಿಸ್... ಮಿಸ್, ನಾನು ಒಂದಕ್ಕೆ ಹೋಗ್ಲಾ ಮಿಸ್" ಎಂದು ಗೋಳುಗರೆಯುತ್ತಿದ್ದ. ಹಿಂದೆ ಕೂತ ಪ್ರಾಧ್ಯಾಪಕರು ನಗದೆ ಗುರುತು ಹಾಕಿಕೊಳ್ಳುತ್ತಿದ್ದರು. ನನ್ನ ಮಂದಹಾಸ ಸಾಲದೆಂದೂ, ಕಪ್ಪುಹಲಗೆಯಲ್ಲಿ ಬರೆಯುವಾಗ ಮಕ್ಕಳಿಗೆ ಬೆನ್ನು ತೋರಿಸಿದೆನೆಂದೂ ಎರಡು ಆಕ್ಷೇಪಗಳು ಬಂದವು. ಮಕ್ಕಳಿಗೂ ಹಲಗೆಗೂ ಏಕಕಾಲದಲ್ಲಿ ಮುಖ ತೋರಿಸುವ ವಿದ್ಯೆಯನ್ನು ನಾನು ಮನೆಯಲ್ಲಿ ಬೀರುವಿನ ಮುಂದೆ ನಿಂತು ಅಭ್ಯಾಸ ಮಾಡಿ, ಕತ್ತು ಉಳುಕಿಸಿಕೊಂಡು, ಕೊನೆಗೆ ಸಾಧಿಸಿದೆ.

ಅಂತೂ ಅವರು ಕಲಿಸದೆ ಬಿಟ್ಟದ್ದೇನೂ ಇರಲಿಲ್ಲ. ಬಳಪ ಹಿಡಿಯುವುದು, ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು, ತಪ್ಪು ಹಾಡಿದ ಮಗುವಿಗೆ ತಪ್ಪೆಂದು ಹೇಳದೆ ತಪ್ಪನ್ನು ತಿಳಿಸುವುದು, ಎಲ್ಲಕ್ಕೂ ಅಧ್ಯಾಯವಿತ್ತು. ಸದ್ದಿಲ್ಲದೆ ಹಾಡು ಕಲಿಸುವುದು ಹೇಗೆ ಎಂಬ ಅಧ್ಯಾಯವೊಂದೇ ಇರಲಿಲ್ಲ. ಅದು ಬೇಕಾದದ್ದು ನನಗೇ.

ತರಬೇತಿಯ ಕೊನೆಯ ಹಂತದಲ್ಲಿ ನಮ್ಮನ್ನು ಒಂದೊಂದು ಶಾಲೆಗೆ ಅಭ್ಯಾಸ ಪಾಠಕ್ಕೆ ಕಳಿಸುತ್ತಾರೆ. ಕೆಲವು ವಾರ ಪಾಠ ಮಾಡಬೇಕು, ಕೊನೆಯ ದಿನ ಹೊರಗಿನಿಂದ ಪರೀಕ್ಷಕರು ಬಂದು ಒಂದು ಪಾಠವನ್ನು ಪೂರ್ತಿ ಕೂತು ನೋಡುತ್ತಾರೆ. ಅದರಲ್ಲಿ ಪಾಸಾದರೆ ಶಿಕ್ಷಕಿ. ಇಲ್ಲವಾದರೆ ಇಡೀ ವರ್ಷ ಮತ್ತೊಮ್ಮೆ: ಮತ್ತೆ ವಿಶ್ವವಿದ್ಯಾಲಯಕ್ಕೆ ಬೆಳಗಿನ ರೈಲು, ಮತ್ತೆ ಮುನಿರಾಜುವಿನ ಪೆನ್ಸಿಲ್ಲು, ಮತ್ತೆ ಮೊಸರಿಲ್ಲದ ಊಟ. ಇನ್ನೊಂದು ವರ್ಷಕ್ಕೆ ಮನೆಯಲ್ಲಿ ಯಾರೂ ಬೇಡವೆನ್ನುತ್ತಿರಲಿಲ್ಲವೇನೋ, ಆದರೆ ಕೇಳುವ ಧೈರ್ಯ ನನಗಿರಲಿಲ್ಲ. ಆ ಒಂದು ಪಾಠವನ್ನು ಗೆಲ್ಲಲೇಬೇಕಿತ್ತು.

ನನಗೆ ಸಿಕ್ಕಿದ್ದು ಕನಕಪುರದ ದಾರಿಯಲ್ಲಿ ಒಳಗೆ ಹೋಗುವ ಒಂದು ಹಳ್ಳಿಯ ಶಾಲೆ. ಎರಡು ಕೋಣೆಗಳ ಚಾವಣಿ ರಿಪೇರಿಗೆ ಬಿದ್ದಿದ್ದರಿಂದ ಉದ್ದನೆಯ ಹಜಾರವೊಂದಕ್ಕೆ ನಡುವೆ ತಗಡು ನಿಲ್ಲಿಸಿ ಎರಡು ತರಗತಿ ಮಾಡಿದ್ದರು. ಈಚೆ ಕಡೆ ನನ್ನ ಆರನೆಯವರು, ಆಚೆ ಕಡೆ ಗಣಿತದ ಪುಟ್ಟಸ್ವಾಮಯ್ಯ ಮೇಷ್ಟ್ರ ಏಳನೆಯವರು. ಮೊದಲ ದಿನ ನಾನು ಪಾಠಯೋಜನೆಯಂತೆ ಪ್ರೇರಣೆ ಮುಗಿಸಿ, ಮಂದಹಾಸ ಬೀರಿ, ಷಡ್ಜ ಹಿಡಿದು "ಎಲ್ಲರೂ ಹೇಳಿ" ಎಂದೆ. ಹೇಳಿದರು. ತಗಡು ನಡುಗಿತು. ಮಾಡಿನ ಮೇಲಿದ್ದ ಪಾರಿವಾಳಗಳು ಎದ್ದು ಹೋದವು. ತಗಡಿನ ಮೇಲಂಚಿನಲ್ಲಿ ಒಂದು ಬಕ್ಕತಲೆಯೂ ಒಂದು ಜೊತೆ ಕನ್ನಡಕವೂ ನಿಧಾನವಾಗಿ ಉದಯಿಸಿದವು. ಮೇಷ್ಟ್ರು ಬೆಂಚು ಹತ್ತಿ ನಿಂತಿದ್ದರು.

"ಮೇಡಂ, ತಪ್ಪು ತಿಳ್ಕೋಬ್ಯಾಡಿ. ನಿಮ್ ಸಂಗೀತ ಬಲು ಚೆಂದಾಗೈತೆ. ಆದ್ರೆ ಈ ಕಡೆ ಭಿನ್ನರಾಶಿ ನಡೀತೈತೆ. ಛೇದ ಎಷ್ಟ್ಲಾ ಅಂದ್ರೆ ನಮ್ ಹುಡುಗ್ರು ಸರಿಗಮ ಅಂತವೆ. ಒಸಿ ಮೆಲ್ಲಗೆ ಹಾಡ್ಸಿ."

ಇದಕ್ಕಿಂತ ಮರ್ಯಾದೆಯಾಗಿ ಬಾಯಿ ಮುಚ್ಚಿಸಿದವರನ್ನು ನಾನು ಕಂಡಿಲ್ಲ. ಆದರೆ ಮೆಲ್ಲಗೆ ಹಾಡಿಸುವುದು ಹೇಗೆ? ಆ ಮಕ್ಕಳ ಬಳಿ ಇದ್ದದ್ದು ಎರಡೇ ಸ್ಥಾಯಿ, ಗಟ್ಟಿ ಮತ್ತು ಇನ್ನೂ ಗಟ್ಟಿ. ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಮಾತಾಡಿ ಬೆಳೆದ ಗಂಟಲುಗಳು ಅವು. ತುಟಿಯ ಮೇಲೆ ಬೆರಳಿಟ್ಟೆ, ಮೇಜು ತಟ್ಟಿದೆ, ಮೆಲ್ಲಗೆ ಎಂಬುದನ್ನು ನಾನೇ ಗಟ್ಟಿಯಾಗಿ ಕೂಗಿ ಹೇಳಿದೆ. ಮುಂದಿನ ಸಾಲಿನಲ್ಲಿ ಭಾಗ್ಯ ಎಂಬ ಪುಟ್ಟ ಹುಡುಗಿ ಕೂರುತ್ತಿದ್ದಳು, ತರಗತಿಗೆಲ್ಲ ಚಿಕ್ಕವಳು, ಮಾತು ಕಡಿಮೆ. ಅವಳು ಅನುಕಂಪದಿಂದ ಹೇಳಿದಳು: "ಮಿಸ್, ನಮ್ಮನೇಲೂ ಹಿಂಗೇ. ಹುಳ ಜ್ವರಕ್ಕೆ ಕುಂತವೆ. ನಮ್ಮವ್ವ ಗಟ್ಟಿಯಾಗಿ ಉಸ್ರು ಬುಡಕ್ಕೂ ಬುಡಾಕಿಲ್ಲ."

ಮಿತ್ರರೇ, ರೇಷ್ಮೆಹುಳ ಸಾಕುವ ಸೀಮೆಯವರಲ್ಲದಿದ್ದರೆ ನಿಮಗಿದು ತಿಳಿದಿರಲಾರದು. ಹುಳ ತನ್ನ ಪುಟ್ಟ ಆಯುಷ್ಯದಲ್ಲಿ ನಾಲ್ಕು ಸಲ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂತು ಹಳೆಯ ಚರ್ಮ ಕಳಚಿಕೊಳ್ಳುತ್ತದೆ. ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಆಗ ತಟ್ಟೆ ಮುಟ್ಟುವಂತಿಲ್ಲ, ಸೊಪ್ಪು ಹಾಕುವಂತಿಲ್ಲ, ಮನೆಯವರೆಲ್ಲ ಹೆಜ್ಜೆ ಒತ್ತದೆ ನಡೆಯುತ್ತಾರೆ. ಹುಳಕ್ಕೆ ಕಿವಿ ಇದೆಯೇ ಎಂದು ಯಾರೂ ಕೇಳುವುದಿಲ್ಲ. ಜ್ವರ ಬಿಟ್ಟು ಹುಳ ಎದ್ದವೆಂದು ಹಿರಿಯರು ಹೇಳುವ ತನಕ ಮನೆಯೇ ಪಿಸುಗುಡುತ್ತದೆ. ನನ್ನ ತರಗತಿಯ ಮುಕ್ಕಾಲು ಪಾಲು ಮಕ್ಕಳು ಅಂಥ ಮನೆಗಳವರು.

ನನಗೆ ಥಟ್ಟನೆ ಹೊಳೆಯಿತು. "ಮಕ್ಕಳೇ, ಆ ತಗಡಿನ ಆಚೆ ಹುಳ ಜ್ವರಕ್ಕೆ ಕೂತಿವೆ ಅಂದುಕೊಳ್ಳಿ" ಎಂದೆ. ಅಷ್ಟೇ. ಇಡೀ ತರಗತಿ ಒಂದೇ ಉಸಿರಿಗೆ ಇಳಿಯಿತು. ಬೆಂಚು ಕಿರುಗುಟ್ಟಲಿಲ್ಲ, ಚೀಲ ಬೀಳಲಿಲ್ಲ. ಕೆಮ್ಮು ಬಂದವನು ಬಾಯಿಗೆ ಅಂಗಿ ತುರುಕಿಕೊಂಡು ಕೆಮ್ಮಿದ. ಪ್ರಾಧ್ಯಾಪಕರು ಪುಸ್ತಕಗಟ್ಟಲೆ ಹೇಳಿಕೊಟ್ಟ ತರಗತಿ ನಿರ್ವಹಣೆಯನ್ನು ನಾನು ಒಂದೇ ವಾಕ್ಯದಲ್ಲಿ ಸಾಧಿಸಿದ್ದೆನೆಂದು ಅಂದು ಬಸ್ಸಿನಲ್ಲಿ ಹಿಗ್ಗಿಹೋದೆ.

ಅಲ್ಲಿಂದ ಮುಂದೆ ವಾರಗಟ್ಟಲೆ ನಾವು ಪಿಸುದನಿಯಲ್ಲಿ ಸಂಗೀತ ಕಲಿತೆವು. ಸರಳೆವರಸೆ ಪಿಸುದನಿ, ಅಲಂಕಾರ ಪಿಸುದನಿ. ಮೊಬೈಲಿನ ತಂಬೂರಿಯನ್ನು ಕನಿಷ್ಠಕ್ಕೆ ಇಳಿಸಿ, ಕೋಳಿಮರಿ ಹಿಡಿದ ಹಾಗೆ ಅಂಗೈಯಲ್ಲಿ ಹಿಡಿದು ಒಬ್ಬೊಬ್ಬರ ಕಿವಿಯ ಬಳಿ ತೋರಿಸಿ ಬರುತ್ತಿದ್ದೆ. ಕೊನೆಯ ಪಾಠಕ್ಕೆಂದು ಮೋಹನದಲ್ಲಿ ನಾನೇ ಒಂದು ಪದ ಕಟ್ಟಿದ್ದೆ: "ಗಾಳಿಯಣ್ಣ ಬಾರಣ್ಣ, ರಾಗಿ ತೆನೆಯ ತೂಗಣ್ಣ." ಅದನ್ನೂ ಉಸಿರಿನಲ್ಲೇ ಕಲಿತರು. ತೊಡೆಯ ಮೇಲೆ ಬೀಳುವ ಕೈಗಳ ತಾಳ ಒಂದಿಷ್ಟೂ ತಪ್ಪುತ್ತಿರಲಿಲ್ಲ, ತುಟಿಗಳೆಲ್ಲ ಒಟ್ಟಿಗೆ ತೆರೆದು ಒಟ್ಟಿಗೆ ಮುಚ್ಚುತ್ತಿದ್ದವು. ನೋಡಲು ಬಹಳ ಚೆನ್ನಾಗಿತ್ತು. ಪುಟ್ಟಸ್ವಾಮಯ್ಯ ಮೇಷ್ಟ್ರು ಸಂತೋಷ ತಾಳಲಾರದೆ ಆಗಾಗ ತಗಡಿನ ಮೇಲಿಂದ ಸೀಬೆಹಣ್ಣು ದಾಟಿಸುತ್ತಿದ್ದರು.

ಪಿಸುದನಿಗೆ ಶ್ರುತಿಯಿಲ್ಲ ಎಂಬ ಸತ್ಯ ನನಗೆ ಗೊತ್ತಿರಲಿಲ್ಲವೆಂದಲ್ಲ. ಬೇಕಾದರೆ ಈಗಲೇ ಪಿಸುಗುಟ್ಟಿ ನೋಡಿ. ಷಡ್ಜವೂ ಪಂಚಮವೂ ಒಂದೇ ಗಾಳಿ. ಆದರೆ ಮೆಲ್ಲಗಿರುವುದು ನನಗೆ ಎಷ್ಟು ಒಗ್ಗಿಹೋಗಿತ್ತೆಂದರೆ ಅದೊಂದು ಕೊರತೆಯೆಂದೇ ಅನ್ನಿಸಲಿಲ್ಲ. ಯೋಚಿಸಿ ನೋಡಿದರೆ ಯಾವ ಮನೆಯಲ್ಲಿ ಹುಳ ಜ್ವರಕ್ಕೆ ಕೂತಿರುವುದಿಲ್ಲ ಹೇಳಿ? ಮಾಗಡಿಯಲ್ಲಿ ನಾನು ಸಾಧನೆಗೆ ಕೂತರೆ ಅಪ್ಪನ ಮಧ್ಯಾಹ್ನದ ನಿದ್ದೆ, ಪಕ್ಕದ ಮನೆಯ ಹುಡುಗನ ಪರೀಕ್ಷೆ. ಮದುವೆಯಾದ ಮೇಲೆ ತೊಟ್ಟಿಲ ಮಗು, ರಾತ್ರಿಪಾಳಿ ಮುಗಿಸಿ ಮಲಗಿದ ಗಂಡ. ನಮ್ಮಂಥವರು ಕುಕ್ಕರಿನ ಸೀಟಿಯ ಮರೆಯಲ್ಲಿ ತಾರಸ್ಥಾಯಿ ಮುಟ್ಟಿ ಬಂದವರು. ಯಾರೂ ಹಾಡಬೇಡ ಎನ್ನುವುದಿಲ್ಲ, ಒಸಿ ಮೆಲ್ಲಗೆ ಎನ್ನುತ್ತಾರೆ, ಅದೂ ಪ್ರೀತಿಯಿಂದಲೇ. ಹುಳ ಎದ್ದವು, ಇನ್ನು ಹಾಡು ಎಂದು ಬಂದು ಹೇಳುವ ಕೆಲಸವನ್ನು ಮಾತ್ರ ಯಾರೂ ವಹಿಸಿಕೊಂಡಿರುವುದಿಲ್ಲ.

ಪರೀಕ್ಷೆಗೆ ಎರಡು ದಿನ ಮೊದಲು ಮಕ್ಕಳಿಗೆ ದನಿ ಬಿಡಿಸಿ ಅಭ್ಯಾಸ ಮಾಡಿಸುವುದು, ಅಷ್ಟು ಹೊತ್ತು ಏಳನೆಯವರನ್ನು ಮರದಡಿಗೆ ಕರೆದೊಯ್ಯುವಂತೆ ಮೇಷ್ಟ್ರನ್ನು ಕೇಳಿಕೊಳ್ಳುವುದು ಎಂದು ಯೋಜಿಸಿದ್ದೆ. ಆದರೆ ಅದರ ಹಿಂದಿನ ದಿನ ಬೆಳಗ್ಗೆ ಎದ್ದು ಮಗಳನ್ನು ಕರೆಯಲು ಬಾಯಿ ತೆರೆದರೆ ಬರೀ ಗಾಳಿ ಬಂತು. ವಾರಗಟ್ಟಲೆ ಪಿಸುಗುಟ್ಟಿದರೆ ಕೂಗಾಡಿದ್ದಕ್ಕಿಂತ ಹೆಚ್ಚಾಗಿ ಗಂಟಲು ಬಳಲುತ್ತದೆಂದು ಡಾಕ್ಟರು ಹೇಳಿ, ಮನೆಯಲ್ಲೇ ಇದ್ದು ತುಟಿ ಪಿಟ್ಟೆನ್ನದಿರಿ ಎಂದು ಕಳಿಸಿದರು. ಅತ್ತೆಯವರು ಡಾಕ್ಟರನ್ನು ನಂಬಲಿಲ್ಲ. ತಮ್ಮ ಉಸ್ತುವಾರಿಯಲ್ಲಿದ್ದ ಗಂಟಲು ಹೀಗೆ ಕೈಕೊಟ್ಟದ್ದು ಅವರಿಗೆ ಸ್ವಂತ ಅವಮಾನ. "ಯಾರ್ದೋ ಕಣ್ಣು ಬಿದ್ದೈತೆ" ಎಂದು ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ಆ ಘಾಟಿಗೆ ಉಳಿದಿದ್ದ ಚೂರುಪಾರು ದನಿಯೂ ಕೆಮ್ಮಿನಲ್ಲಿ ಹೊರಟುಹೋಯಿತು.

ಪರೀಕ್ಷೆಯ ದಿನ ಬೇಗನೆ ಹೋಗಿ ಮುಖ್ಯೋಪಾಧ್ಯಾಯಿನಿಗೆ ಕೈಸನ್ನೆಯಲ್ಲಿ, ತಗಡಿನತ್ತ ತೋರಿಸಿ, ಬೆರಳುಗಳನ್ನು ನಡೆಸಿ, ಏಳನೆಯವರನ್ನು ಹೊರಗೆ ಕಳಿಸಿ ಎಂದು ಬೇಡಿಕೊಂಡೆ. ಅವರು ಎಲ್ಲ ಅರ್ಥವಾದವರಂತೆ ತಲೆಯಾಡಿಸಿ ಒಂದು ಲೋಟ ನೀರು ತಂದುಕೊಟ್ಟರು. ಅಷ್ಟರಲ್ಲಿ ಪರೀಕ್ಷಕರು ಬಂದೇಬಿಟ್ಟರು. ಬೆಂಗಳೂರಿನವರು, ನರೆತ ಕೂದಲಿನ ಗಂಭೀರ ವಿದುಷಿ, ಮಕ್ಕಳ ಪುಟ್ಟ ಕುರ್ಚಿಯಲ್ಲಿಯೂ ನೆಟ್ಟಗೆ ಕೂತರು. ನನ್ನ ಗಂಟಲು ತೋರಿಸಿ ಕೈಮುಗಿದೆ. "ಪರವಾಗಿಲ್ಲಮ್ಮ, ನಿಮ್ಮ ಹಾಡು ನಾನು ಕೇಳಬೇಕಾಗಿಲ್ಲ. ಮಕ್ಕಳು ಹಾಡಲಿ, ಸಾಕು" ಎಂದರು. ಮಕ್ಕಳ ಹಾಡೇ ಕೇಳಿಸದೆ ಹೋಗುವುದೆಂದು ಅವರಿಗೆ ಹೇಗೆ ಹೇಳಲಿ!

ಹಲಗೆಯ ಮೇಲೆ ಪದವನ್ನು ಬರೆದೆ, ಬೆನ್ನು ತೋರಿಸದೆ ಬರೆದೆ. ತಾಳ ಹಾಕಿ ಕೈ ಎತ್ತಿದೆ. ಮಕ್ಕಳು ಹಾಡಿದರು, ಕಲಿತ ಹಾಗೆಯೇ, ಒಂದಕ್ಷರ ತಪ್ಪದೆ. ಪರೀಕ್ಷಕರು ಮುಂದಕ್ಕೆ ಬಾಗಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಒಂದು ಕಿವಿಯನ್ನು ಬೆರಳಿನಿಂದ ಅಲುಗಿಸಿ, ಕಳವಳದಿಂದ ನನ್ನನ್ನು ನೋಡಿದರು. ಆಚೆಯಿಂದ ಪುಟ್ಟಸ್ವಾಮಯ್ಯನವರ ಲಘುತ್ತಮ ಸಾಮಾನ್ಯ ಅಪವರ್ತ್ಯ ಸ್ಪಷ್ಟವಾಗಿ ಕೇಳಿಸುತ್ತಿದ್ದುದರಿಂದ ದೋಷ ತಮ್ಮ ಕಿವಿಯದಲ್ಲ ಎಂದು ಅವರಿಗೆ ಖಾತ್ರಿಯಾಯಿತು.

"ಗಟ್ಟಿಯಾಗಿ ಹಾಡಿ ಮಕ್ಕಳೇ."

ಮಕ್ಕಳು ಅವರನ್ನು ನೋಡಿದರು, ನನ್ನನ್ನು ನೋಡಿದರು, ತಗಡನ್ನು ನೋಡಿದರು. ಭಾಗ್ಯ ಎದ್ದು ನಿಂತು ಬಹಳ ವಿನಯದಿಂದ ಪಿಸುಗುಟ್ಟಿದಳು: "ಆಗಾಕಿಲ್ಲ ಮೇಡಂ. ಹುಳ ಜ್ವರಕ್ಕೆ ಕುಂತವೆ."

ಪರೀಕ್ಷಕರು ಸೀರೆಯ ಅಂಚನ್ನು ನೆಲದಿಂದ ಮೇಲೆತ್ತಿಕೊಂಡು ಕುರ್ಚಿಯ ಕೆಳಗೆ ನೋಡಿದರು. ಇಲ್ಲ, ಎದ್ದವು, ಹುಳ ಎದ್ದವು ಎಂದು ನಾನು ಕೂಗಿದೆ. ಕೂಗಿದೆನೆಂದು ಹೇಳುವುದಷ್ಟೇ, ಬಂದದ್ದು ಉಸಿರು. ಆ ಉಸಿರು ಕೇಳಿದ ಮಕ್ಕಳಿಗೆ ಸಂಶಯವೇ ಉಳಿಯಲಿಲ್ಲ: ಮಿಸ್ಸೇ ಇಷ್ಟು ಮೆಲ್ಲಗೆ ಮಾತಾಡುತ್ತಿದ್ದಾರೆಂದರೆ ಜ್ವರ ಇನ್ನೂ ಬಿಟ್ಟಿಲ್ಲ. ನಾನು ಕೈ ಬೀಸಿದಷ್ಟೂ ಅವರು ಇನ್ನಷ್ಟು ಸಣ್ಣಗಾದರು. ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು. ನನ್ನ ಒಂದು ವರ್ಷ ಕಣ್ಣೆದುರೇ ಹೋಗುತ್ತಿತ್ತು, ತಡೆಯಲು ಒಂದು ದನಿ ಇರಲಿಲ್ಲ. ಅಳು ಬಂತು, ಅದಕ್ಕೂ ಸದ್ದಿರಲಿಲ್ಲ.

ಆಗ ಆಚೆ ಕಡೆಯ ಭಿನ್ನರಾಶಿ ನಿಂತಿತು. ಬೆಂಚು ಎಳೆದ ಸದ್ದಾಯಿತು. ತಗಡಿನ ಮೇಲೆ ಬಕ್ಕತಲೆ ಕಾಣಿಸಿತು.

"ಲೇ ಮಕ್ಳಾ, ಹುಳ ಎದ್ದವೆ ಕಣ್ರಲಾ! ನಾಲ್ಕನೇ ಜ್ವರುದ್ದೇ ಎದ್ದವೆ! ಇನ್ನೂ ಏನ್ ನೋಡ್ಕೊಂಡ್ ಕುಂತಿದ್ದೀರ್ಲಾ, ಹಾಡ್ರಲಾ!"

ಆಮೇಲೆ ಬಂತು ನೋಡಿ. ಗಾಳಿಯಣ್ಣನನ್ನು ಅವರು ಕರೆಯಲಿಲ್ಲ, ಎಳೆದು ತಂದರು. ತಗಡು ಜಾಗಟೆಯಾಯಿತು. ಪ್ರತಿಯೊಬ್ಬರಿಗೂ ಒಂದೊಂದು ಶ್ರುತಿ. ಮೋಹನವನ್ನು ಗುರುತಿಸುವುದಿರಲಿ, ಅದರ ಹೆತ್ತವರೇ ಬಂದರೂ ಹಿಡಿಯಲಾಗುತ್ತಿರಲಿಲ್ಲ. ಎರಡನೇ ಸಲಕ್ಕೆ ಆಚೆಯವರೂ ಸೇರಿಕೊಂಡರು. ತಗಡಿನಾಚೆ ಕೂತು ನಮ್ಮ ಪಿಸುಮಾತನ್ನು ಕದ್ದು ಕೇಳಿ ಏಳನೆಯವರೂ ಪದವನ್ನು ಪೂರ್ತಿ ಕಲಿತಿದ್ದರು. ಆ ಗದ್ದಲದ ನಡುವೆ ಒಂದು ದನಿ ನೆಟ್ಟಗೆ, ತುಂಬಿಕೊಂಡು, ಇದ್ದಲ್ಲೇ ನಿಂತಿತು. ಉಳಿದ ದನಿಗಳು ಒಂದೊಂದಾಗಿ ತಡವರಿಸಿ ಅದರ ಪಕ್ಕಕ್ಕೆ ಬಂದವು. ಯಾರದೆಂದು ಹುಡುಕಿದೆ. ಭಾಗ್ಯಳದು. ದಿನಾ ನನ್ನೆದುರಿಗೇ ಕೂತಿದ್ದ ಹುಡುಗಿ, ಅಷ್ಟು ವಾರ ನಾನು ಹಾಡು ಹೇಳಿಕೊಟ್ಟ ಹುಡುಗಿ. ಅವಳ ದನಿ ಹೇಗಿದೆಯೆಂದು ನನಗೆ ತಿಳಿದದ್ದು ಅವತ್ತು. ನಾಚಿಕೆಯೂ ಆಯಿತು, ತಡೆಯಲಾರದಷ್ಟು ಸಂತೋಷವೂ ಆಯಿತು.

ಹಾಡು ಮುಗಿದ ಮೇಲೆ ಪರೀಕ್ಷಕರು, "ಶ್ರುತಿ ಇನ್ನೂ ಸೇರಬೇಕು, ಬಹಳ ಸೇರಬೇಕು" ಎಂದರು. ಪೆನ್ನಿಗೆ ಮುಚ್ಚಳ ಹಾಕಿ, "ಸೇರಿಸೋದಕ್ಕೆ ಮೊದಲು ದನಿ ಇರಬೇಕಲ್ಲ. ಇದೆ. ಇನ್ನೊಂದು ಸಲ ಹಾಡಲಿ ನೋಡೋಣ" ಎಂದರು. ಪಾಸಾದೆನೆಂದು ಅವರು ಬಾಯಿಬಿಟ್ಟು ಹೇಳಿದ್ದು ಮೂರನೆಯ ಸಲ ಹಾಡಿಸಿದ ಮೇಲೆ.

ಅವರನ್ನು ಗೇಟಿನ ತನಕ ಕಳಿಸಿ ಬರುವಾಗ ಪುಟ್ಟಸ್ವಾಮಯ್ಯ ಮೇಷ್ಟ್ರು ಬಳಪದ ಕೈ ಒರೆಸಿಕೊಳ್ಳುತ್ತ ಅಡ್ಡ ಬಂದರು. ಎಷ್ಟೋ ದಿನದಿಂದ ಹೇಳಬೇಕೆಂದಿದ್ದವರ ಹಾಗೆ ನೆಲ ನೋಡುತ್ತ ಹೇಳಿದರು: "ಮೇಡಂ, ನಾಳಿಂದ ನೀವು ಗಟ್ಟಿಯಾಗೇ ಹಾಡ್ಸಿ. ನಾವೇ ಒಸಿ ಮೆಲ್ಲಗೆ ಲೆಕ್ಕ ಮಾಡ್ಕೋತೀವಿ ಬುಡಿ."

ಆ ಶಾಲೆಯಲ್ಲಿ ನನಗೆ ನಾಳೆ ಎಂಬುದಿರಲಿಲ್ಲ. ಅಭ್ಯಾಸ ಪಾಠ ಅಂದಿಗೇ ಮುಗಿದಿತ್ತು. ಹಾಗೆಂದು ಹೇಳಲು ದನಿ ಇರಲಿಲ್ಲ. ಇದ್ದಿದ್ದರೂ ಹೇಳುತ್ತಿದ್ದೆನೋ ಇಲ್ಲವೋ. ಒಳಗೆ ಹಜಾರದಲ್ಲಿ ಯಾರೂ ಹಾಡಿಸದೆಯೇ ಮಕ್ಕಳು ಮತ್ತೆ ಗಾಳಿಯಣ್ಣನನ್ನು ಕರೆಯತೊಡಗಿದ್ದರು. ಮೇಷ್ಟ್ರಿಗೆ ಕೈಮುಗಿದು ಬಸ್ಸಿನತ್ತ ನಡೆದೆ. ರಸ್ತೆ ಮುಟ್ಟುವ ತನಕವೂ ಅವರ ಹಾಡು ಕೇಳಿಸುತ್ತಿತ್ತು.